ಬಾಯಲ್ಲಿ ಹುಣ್ಣು, ಮೈಮೇಲೆ ದದ್ದು: ಎರಡೂ ಕೂಡಿ ಬಂದಾಗ



ಕಾಫಿ ಎಲೆಯ ಮೇಲೆ ಹಳದಿ ಮಚ್ಚೆ ಕಂಡರೆ ನಾವು ಮೊದಲು ಮಾಡುವ ಕೆಲಸ ಎಲೆಯನ್ನು ಮಗುಚಿ ನೋಡುವುದು. ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ ಇದ್ದರೆ ಅದು ಎಲೆತುಕ್ಕು. ಇಲ್ಲದಿದ್ದರೆ ಬೇರೆ ಕಾರಣ ಹುಡುಕುತ್ತೇವೆ. ಮೇಲೆ ಕಂಡದ್ದನ್ನಷ್ಟೇ ನಂಬಿ ಔಷಧಿ ಹೊಡೆಯುವ ಬೆಳೆಗಾರ ನಮ್ಮಲ್ಲಿ ವಿರಳ. ಮನುಷ್ಯನ ಮೈಮೇಲೆ ದದ್ದು ಎದ್ದಾಗಲೂ ಹೀಗೆಯೇ ಮಗುಚಿ ನೋಡಬೇಕಾದ ಜಾಗವೊಂದಿದೆ. ಅದು ಬಾಯಿ. ಚರ್ಮದ ಮೇಲೆ ದದ್ದು, ಬಾಯೊಳಗೆ ಹುಣ್ಣು, ಇವೆರಡೂ ಒಟ್ಟಿಗೆ ಬಂದರೆ ಅವು ಸಾಮಾನ್ಯವಾಗಿ ಎರಡು ಕಾಯಿಲೆಗಳಲ್ಲ, ಒಂದೇ ಕಾಯಿಲೆಯ ಎರಡು ಮುಖಗಳು. ಈ ಮಾತು ನಮಗೆ ತಡವಾಗಿ ತಿಳಿಯಿತು. ತಡವಾದುದರ ಬೆಲೆಯನ್ನು ತೆತ್ತವರು ನಾವಲ್ಲ, ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಒಬ್ಬ ಹೆಣ್ಣುಮಗಳು. ಆದ್ದರಿಂದ ನಾಚಿಕೆ ಬಿಟ್ಟು ಇದನ್ನು ಬರೆಯುತ್ತಿದ್ದೇವೆ.

ನಮ್ಮ ತೋಟದಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ಕಾಫಿ ಕೊಯ್ಲಿನ ಕಾಲ. ಪೋಡಿನಿಂದ ಕೆಲಸಕ್ಕೆ ಬರುತ್ತಿದ್ದ ಆಕೆಗೆ ಭೇದಿ ಹಿಡಿಯಿತು. ಕೆಲಸ ತಪ್ಪಬಾರದೆಂದು ನಾವೇ ಮನೆಯ ಔಷಧಿ ಪೆಟ್ಟಿಗೆಯಿಂದ ಐದು ದಿನಕ್ಕಾಗುವಷ್ಟು ಸಲ್ಫಾ ಜಾತಿಯ ಮಾತ್ರೆ ಕೊಟ್ಟೆವು. ಹಿಂದೆಂದೋ ನಮಗೆ ಡಾಕ್ಟರು ಬರೆದುಕೊಟ್ಟು ಉಳಿದಿದ್ದ ಮಾತ್ರೆಗಳವು. ಭೇದಿ ನಿಂತಿತು. ಎಲ್ಲರೂ ಮರೆತೆವು.

ಹತ್ತನೆಯ ದಿನ ಆಕೆಗೆ ಜ್ವರ, ಗಂಟಲು ನೋವು. ಮರುದಿನ ತುಟಿ, ನಾಲಗೆಯೆಲ್ಲ ಹುಣ್ಣು. ಎಲೆ ಅಡಿಕೆ ಹಾಕುವ ಅಭ್ಯಾಸವಿದ್ದುದರಿಂದ "ಸುಣ್ಣ ಜಾಸ್ತಿಯಾಗಿ ಬಾಯಿ ಸುಟ್ಟಿದೆ" ಎಂದು ನಾವೇ ತೀರ್ಪು ಕೊಟ್ಟೆವು. ಅದರ ಮರುದಿನ ಎದೆ, ಮುಖದ ಮೇಲೆ ಕೆಂಪು ಮಚ್ಚೆಗಳು ಕಾಣಿಸಿದವು. ಮನೆಯ ಅಜ್ಜಿ "ಅಮ್ಮ ಬಂದದ ಸಾಮಿ, ಸೂಜಿ ಗೀಜಿ ಹಾಕಿಸ್ಬ್ಯಾಡಿ" ಎಂದಳು. ಬೇವಿನ ಸೊಪ್ಪು ಕಟ್ಟಿದರು. ನಾವೂ ಸುಮ್ಮನಾದೆವು. ನಾಲ್ಕನೆಯ ದಿನ ಬೆಳಗ್ಗೆ ಆಕೆಯ ರೆಪ್ಪೆಗಳು ಅಂಟಿಕೊಂಡು ಕಣ್ಣು ಬಿಡಲಾಗಲಿಲ್ಲ. ಬೆನ್ನಿನ ಚರ್ಮ ಸೀರೆಗೆ ಅಂಟಿ ಬಂತು. ಆಗ ಜೀಪಿನಲ್ಲಿ ಮೈಸೂರಿಗೆ ಹೊರಟೆವು.

ಅಲ್ಲಿಯ ಚರ್ಮರೋಗದ ಡಾಕ್ಟರು ಆಕೆಯ ಬಾಯಿ ತೆರೆಸಿ ನೋಡಿ ಕೇಳಿದ ಮೊದಲ ಪ್ರಶ್ನೆ: "ಎರಡು ತಿಂಗಳಿಂದ ಈಚೆಗೆ ಈಕೆ ಯಾವ ಯಾವ ಮಾತ್ರೆ ನುಂಗಿದ್ದಾರೆ?" ಉತ್ತರ ನಮ್ಮ ಬಾಯಿಂದ ಬರಬೇಕಾಗಿತ್ತು. ಬಂತು.

ಆಕೆ ಬದುಕಿದರು. ಸುಟ್ಟಗಾಯದ ರೋಗಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ಹಾಸಿಗೆಗೆ ಮೈ ಅಂಟದಂತೆ ಬಾಳೆ ಎಲೆಯ ಮೇಲೆ ಮಲಗಿಸುವ ಕ್ರಮ ನಮ್ಮ ದೇಶದ ಚರ್ಮರೋಗ ವಾರ್ಡುಗಳಲ್ಲಿ ಬಹಳ ಕಾಲದಿಂದ ಇದೆ; ಎಲೆಗಳನ್ನು ನಮ್ಮ ತೋಟದಿಂದಲೇ ಕಳಿಸಿದೆವು. ಅಷ್ಟೇ ನಮ್ಮಿಂದ ಆದದ್ದು. ಆಕೆಯ ಕಣ್ಣಿನಲ್ಲಿ ನೀರು ಬತ್ತಿದೆ. ಬಿಸಿಲಿಗೆ ಕಣ್ಣು ಬಿಡಲಾರರು. ಈಗ ಕೊಯ್ಲಿಗೆ ಬರುವುದಿಲ್ಲ.

ಬಾಯಿ ಏಕೆ ಮುಖ್ಯ

ಬಾಯಿ, ಕಣ್ಣಿನ ರೆಪ್ಪೆಯ ಒಳಭಾಗ, ಮೂಗು, ಗುಹ್ಯಾಂಗ ಇವುಗಳ ಒಳಗಡೆ ಇರುವ ಒದ್ದೆಯಾದ ತೆಳು ಚರ್ಮಕ್ಕೆ ಲೋಳೆಪೊರೆ ಎನ್ನುತ್ತಾರೆ. ಹೊರಗಿನಿಂದ ತಗುಲಿದ ಸೊಪ್ಪು, ಹುಳು, ಔಷಧಿಗಳಿಂದ ಏಳುವ ದದ್ದು ತಗುಲಿದ ಕಡೆಗೆ ಸೀಮಿತ. ಲೋಳೆಪೊರೆಗೆ ಹೋಗುವುದು ಅಪರೂಪ. ಲೋಳೆಪೊರೆಯೂ ಚರ್ಮವೂ ಒಟ್ಟಿಗೆ ಕೆಟ್ಟವೆಂದರೆ ಕಾರಣ ರಕ್ತದ ಮೂಲಕ ಒಳಗಿನಿಂದ ಬಂದಿದೆ ಎಂದು ಊಹಿಸಬೇಕು. ಅದು ನುಂಗಿದ ಔಷಧಿಯಾಗಿರಬಹುದು, ವೈರಾಣುವಾಗಿರಬಹುದು, ದೇಹವು ತನ್ನ ಚರ್ಮವನ್ನೇ ಪರಕೀಯವೆಂದು ತಿಳಿದು ಕೆಡಿಸುವ ರೋಗವಾಗಿರಬಹುದು. ಇವುಗಳಲ್ಲಿ ಯಾವುದು ಎಂಬುದನ್ನು ತೀರ್ಮಾನಿಸುವುದು ಡಾಕ್ಟರ ಕೆಲಸ. ಅವರ ಬಳಿಗೆ ಎಷ್ಟು ಬೇಗ ಹೋಗಬೇಕೆಂದು ಅರಿಯುವುದು ನಮ್ಮ ಕೆಲಸ.

ಮೊದಲ ಪ್ರಶ್ನೆ: ಯಾವ ಮಾತ್ರೆ?

ನಮ್ಮ ತೋಟದ ಹೆಣ್ಣುಮಗಳಿಗೆ ಬಂದದ್ದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. 1922ರಲ್ಲಿ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಅಮೆರಿಕದ ವೈದ್ಯರು ಜ್ವರ, ದದ್ದು, ಬಾಯಿಹುಣ್ಣು, ಕಣ್ಣುರಿ ಒಟ್ಟಿಗೆ ಬಂದ ಇಬ್ಬರು ಹುಡುಗರ ವಿಷಯ ಬರೆದದ್ದರಿಂದ ಈ ಹೆಸರು. ಇದೇ ರೋಗ ಮೈಯ ಹೆಚ್ಚು ಭಾಗಕ್ಕೆ ಹರಡಿ ಚರ್ಮ ಹಾಳೆಹಾಳೆಯಾಗಿ ಸುಲಿಯುವ ರೂಪವನ್ನು 1956ರಲ್ಲಿ ಲೈಯೆಲ್ ಎಂಬ ಬ್ರಿಟಿಷ್ ವೈದ್ಯರು ವಿವರಿಸಿದರು. ರೋಗಿಯ ಒಂದು ಅಂಗೈ, ಬೆರಳು ಸೇರಿ, ಮೈಯ ಚರ್ಮದ ಸುಮಾರು ಶೇಕಡ 1 ಭಾಗ ಎಂದು ಲೆಕ್ಕ. ಹತ್ತು ಅಂಗೈಗಿಂತ ಕಡಿಮೆ ಸುಲಿದರೆ ಮೊದಲಿನ ರೂಪ. ಮೂವತ್ತು ಅಂಗೈ ದಾಟಿದರೆ ಲೈಯೆಲ್ ಹೇಳಿದ ರೂಪ. ನಡುವಿನದು ಎರಡರ ಮಿಶ್ರಣ. ಮೊದಲಿನದರಲ್ಲಿ ನೂರಕ್ಕೆ 5ರಿಂದ 10 ಮಂದಿ ಸಾಯುತ್ತಾರೆ. ಎರಡನೆಯದರಲ್ಲಿ ಮೂವರಲ್ಲಿ ಸುಮಾರು ಒಬ್ಬರು.

ಇದರ ಕಾರಣ ಬಹುಪಾಲು ಔಷಧಿಯೇ. ಮುಖ್ಯವಾದವು: ಸಲ್ಫಾ ಮಾತ್ರೆಗಳು, ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪೈನ್, ಫೆನಿಟಾಯಿನ್, ಫಿನೋಬಾರ್ಬಿಟೋನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯುರಿನಾಲ್, ಪೈರಾಕ್ಸಿಕ್ಯಾಮ್ ಜಾತಿಯ ನೋವಿನ ಮಾತ್ರೆಗಳು, ಎಚ್.ಐ.ವಿ.ಗೆ ಕೊಡುವ ನೆವಿರಪೈನ್. ನುಂಗಿದ ಕೂಡಲೇ ಬರುವುದಿಲ್ಲ. ಹೊಸ ಮಾತ್ರೆ ಆರಂಭಿಸಿದ 4ರಿಂದ 28 ದಿನಗಳೊಳಗೆ ಬರುವುದು ಸಾಮಾನ್ಯ. ಆದ್ದರಿಂದಲೇ ಜನ ಎರಡಕ್ಕೂ ಸಂಬಂಧ ಕಟ್ಟುವುದಿಲ್ಲ, ನಾವೂ ಕಟ್ಟಲಿಲ್ಲ. ಇವು ಕೆಟ್ಟ ಔಷಧಿಗಳೆಂದು ಯಾರೂ ತಿಳಿಯಬಾರದು. ಲಕ್ಷಾಂತರ ಜನ ಇವುಗಳಿಂದ ಬದುಕಿದ್ದಾರೆ. ಯಾವ ತೊಂದರೆಯೂ ಇಲ್ಲದವರು ಈ ಲೇಖನ ಓದಿ ಹೆದರಿ ಮೂರ್ಛೆಯ ಮಾತ್ರೆ ನಿಲ್ಲಿಸಿದರೆ ಅದೇ ಅಪಾಯ. ಆದರೆ ಮಾತ್ರೆ ತಿನ್ನುತ್ತಿರುವಾಗ ದದ್ದೂ ಬಾಯಿಹುಣ್ಣೂ ಕೂಡಿ ಬಂದರೆ ಮುಂದಿನ ಮಾತ್ರೆ ನುಂಗುವ ಮೊದಲೇ ಆಸ್ಪತ್ರೆ ಸೇರಬೇಕು.

ಗುರುತುಗಳು ಹೀಗಿವೆ. ಮೊದಲು ಒಂದೆರಡು ದಿನ ಜ್ವರ, ಗಂಟಲು ನೋವು, ಕಣ್ಣುರಿ. ಅನಂತರ ತುಟಿ, ಬಾಯಿ ಹುಣ್ಣಾಗಿ ತುಟಿಯ ಮೇಲೆ ರಕ್ತದ ಹಕ್ಕಳೆ. ಮೈಮೇಲೆ ನಡುವೆ ಕಪ್ಪಾದ ಕೆಂಪು ಮಚ್ಚೆ. ಇದು ತುರಿಸುವುದಕ್ಕಿಂತ ಹೆಚ್ಚಾಗಿ ನೋಯುತ್ತದೆ. ತುರಿಕೆ ಬೇರೆ, ನೋವು ಬೇರೆ ಎಂಬುದನ್ನು ಗಮನಿಸಿ. ದದ್ದನ್ನು ಮುಟ್ಟಿದರೆ ಸುಟ್ಟ ಹಾಗೆ ನೋಯುತ್ತದೆ ಎಂದು ರೋಗಿ ಹೇಳಿದರೆ ಅದನ್ನು ಅಪಾಯದ ಗಂಟೆ ಎಂದೇ ತಿಳಿಯಬೇಕು.

ಔಷಧಿಯಿಂದಲೇ ಬರುವ ಇನ್ನೊಂದು ಸೌಮ್ಯ ರೂಪವಿದೆ. ಒಂದು ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ತುಟಿಯ ಮೇಲೋ ಗುಹ್ಯಾಂಗದ ಮೇಲೋ ಕೈಮೇಲೋ ದುಂಡನೆಯ ಮಚ್ಚೆ ಎದ್ದು, ಮಾಯ್ದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಅದೇ ಮಾತ್ರೆ ಇನ್ನೊಮ್ಮೆ ನುಂಗಿದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಸಲ್ಫಾ, ನೋವಿನ ಮಾತ್ರೆ, ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಜಾತಿಯವು ಇದಕ್ಕೆ ಹೆಸರಾದವು. ಅಂಗಡಿಯಲ್ಲಿ ಹೆಸರು ಕೇಳದೆ "ಭೇದಿಗೊಂದು, ಮೈಕೈ ನೋವಿಗೊಂದು" ಎಂದು ಬಿಡಿ ಮಾತ್ರೆ ತರುವವರಿಗೆ ಯಾವುದರಿಂದ ಆಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಜ್ವರದೊಡನೆ ಬರುವ ಸೋಂಕುಗಳು

ನಮ್ಮ ಕಡೆ ಜ್ವರದೊಡನೆ ಮೈಮೇಲೆ ಏನೇ ಎದ್ದರೂ "ಅಮ್ಮ" ಎನ್ನುವುದು ವಾಡಿಕೆ. ದೊಡ್ಡ ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಈಗ ಆ ಹೆಸರಿನಲ್ಲಿ ಉಳಿದಿರುವುದು ಚಿಕನ್‌ಪಾಕ್ಸ್ ಮತ್ತು ದಡಾರ. ಎರಡರಲ್ಲಿಯೂ ಬಾಯೊಳಗೆ ಗುರುತು ಇರುತ್ತದೆ.

ದಡಾರದಲ್ಲಿ ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು. ದದ್ದು ಏಳುವ ಒಂದೆರಡು ದಿನ ಮೊದಲೇ ಕೆನ್ನೆಯ ಒಳಗೆ, ದವಡೆ ಹಲ್ಲಿನ ಎದುರಿಗೆ, ಕೆಂಪು ನೆಲದ ಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಕಾಪ್ಲಿಕ್ ಎಂಬ ವೈದ್ಯರು 1896ರಲ್ಲಿ ಇವನ್ನು ವಿವರಿಸಿದರು. ದದ್ದು ಕಿವಿಯ ಹಿಂದೆ, ಮುಖದಲ್ಲಿ ಆರಂಭವಾಗಿ ಕೆಳಗಿಳಿಯುತ್ತದೆ. ಚಿಕನ್‌ಪಾಕ್ಸ್‌ನಲ್ಲಿ ನೀರುಗುಳ್ಳೆ ಎದೆ, ಬೆನ್ನಿನಲ್ಲಿ ಹೆಚ್ಚು, ತುರಿಕೆ ಇರುತ್ತದೆ, ಹೊಸ ಗುಳ್ಳೆ, ಒಡೆದ ಗುಳ್ಳೆ, ಒಣಗಿದ ಹಕ್ಕಳೆ ಎಲ್ಲವನ್ನೂ ಒಂದೇ ದಿನ ನೋಡಬಹುದು. ಈ ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಚಿಕ್ಕ ಮಕ್ಕಳಲ್ಲಿ ಬಾಯಿಹುಣ್ಣಿನೊಡನೆ ಅಂಗೈ, ಅಂಗಾಲು, ಕುಂಡಿಯ ಮೇಲೆ ಸಣ್ಣ ಗುಳ್ಳೆ ಎದ್ದರೆ ಅದು ಕೈ-ಕಾಲು-ಬಾಯಿ ರೋಗ. 2022ರಲ್ಲಿ ಕೇರಳದ ಕೊಲ್ಲಂ ಕಡೆಯಿಂದ ಟೊಮೆಟೊ ಜ್ವರವೆಂದು ಸುದ್ದಿಯಾದದ್ದು ಇದರದೇ ಒಂದು ರೂಪವೆಂದು ವೈದ್ಯರು ಗುರುತಿಸಿದರು. ಗುಂಡ್ಲುಪೇಟೆಯ ಸದಸ್ಯರೊಬ್ಬರು ಇದು ಹಸುವಿನ ಕಾಲುಬಾಯಿ ಜ್ವರ ಮಗುವಿಗೆ ಅಂಟಿದ್ದೆಂದು ಹೆದರಿ ಹಾಲು ಕರೆಯುವುದನ್ನೇ ನಿಲ್ಲಿಸಿದ್ದರು. ಎರಡರ ವೈರಾಣು ಬೇರೆ ಬೇರೆ. ಹಸುವಿನಿಂದ ಮಗುವಿಗೆ ಇದು ಬರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ವಾರ ಹತ್ತು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ಮಗು ನೀರು ಕುಡಿಯದಿದ್ದರೆ, ಮಂಕಾದರೆ ಮಾತ್ರ ತಡಮಾಡಬಾರದು.

ಕಾಡಂಚಿನ ಸದಸ್ಯರು ಇನ್ನೊಂದನ್ನು ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2012ರ ಕೊನೆಯಲ್ಲಿ ನಮ್ಮ ಬಂಡೀಪುರದಲ್ಲಿಯೂ ಕಾಣಿಸಿಕೊಂಡಿತು. ಸತ್ತ ಮಂಗಗಳ ವಿಲೇವಾರಿಗೆ ಹೋದ ಅರಣ್ಯ ಕೆಲಸಗಾರರಿಗೆ ತಗುಲಿತು. ಇದರಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವಿನ ಜೊತೆ ಬಾಯಿಯ ಮೇಲಂಗಳದ ಹಿಂಭಾಗದಲ್ಲಿ ಸಣ್ಣ ಗುಳ್ಳೆಗಳಿರುವುದುಂಟು. ಮೈಮೇಲೆ ದದ್ದು ಸಾಮಾನ್ಯವಾಗಿ ಇರುವುದಿಲ್ಲ. ಜ್ವರ ಬಂದವರು ಕಾಡಿಗೆ ಹೋಗಿದ್ದರೆ, ಸತ್ತ ಮಂಗ ಕಂಡಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ವಾರಗಟ್ಟಲೆ ಮಾಯದ ಹುಣ್ಣು

ಜ್ವರವಿಲ್ಲ, ಹೊಸ ಮಾತ್ರೆಯಿಲ್ಲ, ಆದರೂ ಬಾಯಿಹುಣ್ಣು ತಿಂಗಳಾದರೂ ಮಾಯುತ್ತಿಲ್ಲ. ಆಮೇಲೆ ಮೈಮೇಲೆ ಸಡಿಲವಾದ ನೀರುಗುಳ್ಳೆ ಎದ್ದು ಒಡೆದು ಹಸಿಯಾಗಿಯೇ ಉಳಿಯುತ್ತದೆ. ಇದು ಪೆಂಫಿಗಸ್ ಇರಬಹುದು. ದೇಹದ ರಕ್ಷಣೆಯ ಶಕ್ತಿಯೇ ಚರ್ಮದ ಕಣಗಳನ್ನು ಅಂಟಿಸಿರುವ ಗೋಂದನ್ನು ಕೆಡಿಸುವ ರೋಗವಿದು. ಅಂಟುರೋಗವಲ್ಲ. ಬಾಯಿಯಲ್ಲಿ ಮೊದಲು ಬಂದು ಚರ್ಮಕ್ಕೆ ಬರಲು ಎಷ್ಟೋ ಸಲ ತಿಂಗಳುಗಳೇ ಬೇಕಾಗುತ್ತವೆ. ಅಷ್ಟರಲ್ಲಿ ರೋಗಿ ಹಲ್ಲಿನ ಡಾಕ್ಟರು, ವಿಟಮಿನ್ ಮಾತ್ರೆ, ಹರಕೆ ಎಲ್ಲ ಮುಗಿಸಿರುತ್ತಾರೆ. ಸ್ಟೀರಾಯ್ಡ್ ಬರುವ ಮೊದಲು ಇದು ಬಹುಮಟ್ಟಿಗೆ ಮಾರಕವಾಗಿತ್ತು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಜೆ. ಎಸ್. ಪಸ್ರಿಚಾ ಅವರು ತಿಂಗಳಿಗೊಮ್ಮೆ ಮೂರು ದಿನ ಔಷಧಿಯನ್ನು ರಕ್ತನಾಳಕ್ಕೆ ಕೊಡುವ ಕ್ರಮವನ್ನು ರೂಪಿಸಿದರು. ನಮ್ಮ ದೇಶದ ಎಷ್ಟೋ ರೋಗಿಗಳು ಅದರಿಂದ ಉಳಿದರು. ಈಗ ಇನ್ನೂ ಹೊಸ ಔಷಧಿಗಳಿವೆ. ಚರ್ಮದ ಸಣ್ಣ ಚೂರನ್ನು ತೆಗೆದು ಪರೀಕ್ಷಿಸಿದರೆ ರೋಗ ಖಚಿತವಾಗುತ್ತದೆ.

ಮಣಿಕಟ್ಟು, ಕಾಲಿನ ಮೇಲೆ ನೇರಳೆ ಬಣ್ಣದ ಚಪ್ಪಟೆ, ತುರಿಸುವ ಗಂಟುಗಳೊಡನೆ ಕೆನ್ನೆಯೊಳಗೆ ಬಿಳಿ ಜಾಲರಿ ಇದ್ದರೆ ಅದು ಲೈಕೆನ್ ಪ್ಲೇನಸ್. ಹೆಂಗಸರಲ್ಲಿ ಕೆನ್ನೆಗಳ ಮೇಲೆ ಬಿಸಿಲಿಗೆ ಹೆಚ್ಚಾಗುವ ಕೆಂಪು, ಕೀಲು ನೋವು, ಅಂಗಳದಲ್ಲಿ ನೋವಿಲ್ಲದ ಹುಣ್ಣು ಸೇರಿದರೆ ಲೂಪಸ್ ಎಂಬ ರೋಗವನ್ನು ಪರೀಕ್ಷಿಸುತ್ತಾರೆ. ಅಂಗೈ ಅಂಗಾಲುಗಳಲ್ಲಿ ತುರಿಕೆಯಿಲ್ಲದ ಮಚ್ಚೆ, ಬಾಯಲ್ಲಿ ಬಿಳಿ ಪೊರೆ ಇದ್ದರೆ ಸಿಫಿಲಿಸ್ ಎಂಬ ಲೈಂಗಿಕ ರೋಗದ ಎರಡನೆಯ ಘಟ್ಟ ಇರಬಹುದು. ರಕ್ತ ಪರೀಕ್ಷೆ ಸುಲಭ, ಪೆನಿಸಿಲಿನ್‌ನಿಂದ ಗುಣವಾಗುತ್ತದೆ, ಸಂಕೋಚದಿಂದ ಮುಚ್ಚಿಟ್ಟರೆ ಮನೆಯವರಿಗೂ ಕೇಡು.

ಇಲ್ಲಿ ಅಡಿಕೆಯ ಮಾತು ಬರಲೇಬೇಕು. ಅಡಿಕೆ ಬೆಳೆಯುವ ನಾವೇ ಇದನ್ನು ಬರೆಯುವುದು ಸುಖದ ಕೆಲಸವಲ್ಲ. ಆದರೂ 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಹೊಗೆಸೊಪ್ಪು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ತೀರ್ಮಾನಿಸಿತು ಎಂಬುದು ಸದಸ್ಯರಿಗೆ ತಿಳಿದಿರಬೇಕು. ಅಡಿಕೆ ಅಗಿಯುವವರಲ್ಲಿ ಬಾಯುರಿ, ಖಾರ ತಾಳದಿರುವುದು, ಬಾಯಿ ತೆರೆಯಲು ಬಿಗಿಯಾಗುವುದು ಒಂದು ಬೇರೆಯದೇ ರೋಗದ ಗುರುತು. ಅದರಲ್ಲಿ ಮೈಮೇಲೆ ದದ್ದಿಲ್ಲ. ನಮ್ಮ ಮುಖ್ಯ ಮಾತು ಇದು: ಬಾಯಲ್ಲಿ ಏನಾದರೂ "ಸುಣ್ಣ ಸುಟ್ಟಿತು" ಎನ್ನುವ ಅಭ್ಯಾಸ ಎಲ್ಲ ರೋಗಗಳನ್ನೂ ಮುಚ್ಚಿಬಿಡುತ್ತದೆ. ಸುಣ್ಣದ ಸುಟ್ಟಗಾಯ ಕೆಲವು ದಿನಗಳಲ್ಲಿ ಮಾಯುತ್ತದೆ. ಎರಡು ವಾರ ಮೀರಿದ ಹುಣ್ಣನ್ನು ತೋರಿಸಲೇಬೇಕು.

ತೋಟದ ದದ್ದು

ಹೋಲಿಕೆಗಾಗಿ, ಬಾಯಿಗೆ ಬಾರದ ದದ್ದುಗಳು. ಪಾರ್ಥೇನಿಯಂ ಕಳೆಯಿಂದ ಏಳುವ ದದ್ದು ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಬರುತ್ತದೆ, ವಿಪರೀತ ತುರಿಕೆ, ಬಿಸಿಲಿಗೆ ಹೆಚ್ಚು. ಕಂಬಳಿಹುಳು ಹರಿದ ಕಡೆ ಗೆರೆಯಂತೆ ಏಳುತ್ತದೆ. ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತ ತಾಗಿದ ಕಡೆ ಉರಿಯುತ್ತದೆ. ಇವೆಲ್ಲದರಲ್ಲಿಯೂ ಬಾಯಿ ತೆರೆಸಿ ನೋಡಿದರೆ ಒಳಗೆ ಶುಭ್ರವಾಗಿರುತ್ತದೆ. ಆದರೆ ಕಳೆನಾಶಕ ಹೊಡೆದವರಿಗೆ ಬಾಯಿ, ಗಂಟಲು ಹುಣ್ಣಾದರೆ ಅದು ವಿಷ ಹೊಟ್ಟೆಗೆ ಹೋದ ಗುರುತಿರಬಹುದು. ಒಂದು ಗಂಟೆಯೂ ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

ಏನು ಮಾಡಬೇಕು, ಏನು ಮಾಡಬಾರದು

ದದ್ದು ಎದ್ದವರನ್ನು ಬೆಳಕಿಗೆ ಕೂರಿಸಿ ಬಾಯಿ ತೆರೆಸಿ ನೋಡಿ. ಕಣ್ಣು ನೋಡಿ. ಮೂತ್ರ ಉರಿಯುತ್ತದೆಯೇ ಎಂದು ಮನೆಯ ಹೆಂಗಸರ ಮೂಲಕವಾದರೂ ಕೇಳಿ. ಬಾಯಿಹುಣ್ಣು ಮತ್ತು ದದ್ದಿನೊಡನೆ ಈ ಐದರಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆ: ಕಣ್ಣು ಕೆಂಪಾಗಿ ಅಂಟುವುದು, ಚರ್ಮ ನೋಯುವುದು ಅಥವಾ ಸುಲಿಯುವುದು, ನೀರುಗುಳ್ಳೆಗಳು, ನೀರು ಕುಡಿಯಲಾಗದಷ್ಟು ಬಾಯಿನೋವು, ಎರಡು ತಿಂಗಳೊಳಗೆ ಆರಂಭಿಸಿದ ಯಾವುದೇ ಮಾತ್ರೆ.

ಗುಳ್ಳೆ ಒಡೆಯಬೇಡಿ. ಸುಲಿಯುತ್ತದೆಯೇ ಎಂದು ಉಜ್ಜಿ ನೋಡಬೇಡಿ. ಅರಿಸಿನ, ಬೇವು, ಸುಣ್ಣ ಹಚ್ಚಬೇಡಿ. ದಾರಿಯಲ್ಲಿ ಸಿಕ್ಕವರಿಂದ ಸೂಜಿ ಹಾಕಿಸಬೇಡಿ. ಶುಭ್ರವಾದ ಹತ್ತಿಯ ಬಟ್ಟೆ ಹೊದಿಸಿ, ಕುಡಿಯಲಾದರೆ ನೀರು ಕುಡಿಸಿ, 108ಕ್ಕೆ ಕರೆಮಾಡಿ. ತಿಂದ ಎಲ್ಲ ಮಾತ್ರೆಗಳ ಹಾಳೆ, ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ. ನಾಟಿ ಔಷಧಿಯನ್ನೂ ಬಚ್ಚಿಡಬೇಡಿ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೈಸೂರು ಸುಮಾರು 60 ಕಿಲೋಮೀಟರು. ಮೊದಲಿನ ಕಾಲದ ಹಾಗೆ ದೂರದ ನೆಪ ಈಗ ನಡೆಯುವುದಿಲ್ಲ.

ವಾಸಿಯಾದ ಮೇಲೆ ಅಪರಾಧಿ ಮಾತ್ರೆಯ ಹೆಸರನ್ನು ಡಾಕ್ಟರಿಂದ ಬರೆಸಿಕೊಂಡು ಜೀವನಪೂರ್ತಿ ಜೊತೆಗಿಟ್ಟುಕೊಳ್ಳಬೇಕು. ಎರಡನೆಯ ಸಲ ಅದೇ ಮಾತ್ರೆ ನುಂಗಿದರೆ ಇನ್ನೂ ಘೋರವಾಗಬಹುದು. ನಮ್ಮ ತೋಟದ ಆಕೆ ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ. ಯಾವ ಡಾಕ್ಟರ ಮುಂದೆ ಕುಳಿತರೂ ಮೊದಲು ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಈಗ ಬ್ಯಾಂಡೇಜು, ಹತ್ತಿ, ಓ.ಆರ್.ಎಸ್. ಪೊಟ್ಟಣ ಮಾತ್ರ ಇವೆ. ಉಳಿದ ಮಾತ್ರೆಗಳನ್ನು ಯಾರಿಗೂ ಕೊಡುವುದಿಲ್ಲ. ಸದಸ್ಯರೂ ತಮ್ಮ ತಮ್ಮ ಪೆಟ್ಟಿಗೆಗಳನ್ನು ಈ ಕೊಯ್ಲಿಗೆ ಮೊದಲು ಒಮ್ಮೆ ತೆರೆದು ನೋಡಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ